ಕಾಂಪೌಂಡ್ ಗೋಡೆ ಮೇಲೆ ಚಿರತೆ: ಬೋನು ಕೇಳಬೇಕೋ ಬೇಡವೋ?

ಘೋಡಬಂದರ್ ಕಾರ್ಯದರ್ಶಿ

ಠಾಣೆಯ ಘೋಡಬಂದರ್ ರಸ್ತೆ, ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನ ಅಂಚಿಗೆ ತಾಗಿದ ಸೊಸೈಟಿ. ರಾತ್ರಿ 2.40ಕ್ಕೆ ಹಿಂಬದಿ ಗೋಡೆ ಮೇಲೆ ಚಿರತೆ ನಡೆದುಹೋದದ್ದು ಸಿಸಿಟಿವಿಯಲ್ಲಿ ಸಿಕ್ಕಿದೆ. ಯಾರಿಗೂ ಏನೂ ಆಗಿಲ್ಲ. ಭಾನುವಾರ ಸಭೆ. ಅರ್ಧಕ್ಕರ್ಧ ಸದಸ್ಯರು "ಅರಣ್ಯ ಇಲಾಖೆಗೆ ಬರೆದು ಬೋನು ಇಡಿಸಿ, ಹಿಡಿದು ದೂರದ ಕಾಡಿಗೆ ಬಿಡಿಸಿ" ಅನ್ನುತ್ತಿದ್ದಾರೆ. ಪಕ್ಕದ ಪ್ಲಾಟಿನಲ್ಲಿ ಕಟ್ಟಡದ ಕೆಲಸ ನಡೆದಿದೆ. ಕಲಬುರಗಿ, ಯಾದಗಿರಿ ಕಡೆಯ ಸಂಸಾರಗಳು ತಗಡಿನ ಶೆಡ್ಡುಗಳಲ್ಲಿವೆ, ಸಣ್ಣ ಮಕ್ಕಳಿದ್ದಾರೆ.

ಬೋನು ಬೇಡ ಅನ್ನುವುದಾದರೆ ಏಕೆ ಬೇಡ, ಅದರ ಬದಲು ಈ ವಾರವೇ ಏನು ಮಾಡಬೇಕು? ಸಭೆಯಲ್ಲಿ ಓದಿ ಹೇಳುವಷ್ಟು ಖಚಿತವಾಗಿ ಬರೆಯಿರಿ.

ತುಳಸಿ ಕೆರೆ ದಂಡೆ

ಬೋನು ಕೇಳಬೇಡಿ. ಕಾರಣ ಹೇಳುತ್ತೇನೆ.

ಪಾರ್ಕಿನ ವಿಸ್ತೀರ್ಣ ಸುಮಾರು 104 ಚದರ ಕಿ.ಮೀ. 2015ರ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಎಣಿಕೆಯಲ್ಲಿ ಪಾರ್ಕು ಮತ್ತು ಸುತ್ತಲ ಜಾಗ ಸೇರಿ 35 ಚಿರತೆ, 2018ರಲ್ಲಿ 47. ಇಷ್ಟು ಒತ್ತಾಗಿರುವ ಕಡೆ ಖಾಲಿ ಜಾಗ ಅಂತ ಇರುವುದಿಲ್ಲ. ಒಂದನ್ನು ಎತ್ತಿದರೆ ಅದರ ಸರಹದ್ದಿಗೆ ಇನ್ನೊಂದು ಬರುತ್ತದೆ. ಬರುವುದು ಸಾಮಾನ್ಯವಾಗಿ ತಾಯಿಯಿಂದ ಆಗಷ್ಟೇ ಬೇರ್ಪಟ್ಟ, ನೆಲೆ ಹುಡುಕುತ್ತಿರುವ ಎಳೆಯ ಪ್ರಾಣಿ. ಈಗ ಗೋಡೆ ಮೇಲೆ ನಡೆದದ್ದಕ್ಕೆ ನಿಮ್ಮ ವಾಚ್‌ಮನ್ ಎಷ್ಟು ಹೊತ್ತಿಗೆ ಸುತ್ತು ಹಾಕುತ್ತಾನೆ, ಯಾವ ಗೇಟಿನಲ್ಲಿ ದೀಪ ಇದೆ, ಎಲ್ಲ ಬಾಯಿಪಾಠ. ಹೊಸದಕ್ಕೆ ಇದ್ಯಾವುದೂ ಗೊತ್ತಿರುವುದಿಲ್ಲ, ಜನರಿಗೆ ಎದುರಾಗುವುದು ಹೆಚ್ಚು.

"ದೂರದ ಕಾಡಿಗೆ ಬಿಡಿ" ಅನ್ನುವುದನ್ನು ಪುಣೆ ಜಿಲ್ಲೆಯ ಜುನ್ನರ್ ಅರಣ್ಯ ವಿಭಾಗದಲ್ಲಿ ಮಾಡಿ ನೋಡಿಯಾಗಿದೆ. 2001ರ ಫೆಬ್ರುವರಿಯಿಂದ 2003ರ ಡಿಸೆಂಬರ್‌ವರೆಗೆ 103 ಚಿರತೆ ಹಿಡಿದು, ಹಲವನ್ನು ಸರಾಸರಿ 39.5 ಕಿ.ಮೀ. ದೂರದ ಕಾಡುಗಳಲ್ಲಿ ಬಿಟ್ಟರು. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಅದಕ್ಕೆ ಮುಂಚೆ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ, ಬಿಡಲು ಶುರುಮಾಡಿದ ಮೇಲೆ 17. ದಾಳಿಗಳಲ್ಲಿ ಸಾವಾಗುವ ಪ್ರಮಾಣ ನೂರಕ್ಕೆ 18ರಿಂದ 36ಕ್ಕೆ ಏರಿತು. ಗೊತ್ತಿಲ್ಲದ ನೆಲ, ಬೋನಿನ ಗಾಯ, ಜನರ ಗುಂಪಿನ ಗಾಬರಿ, ಇವೆಲ್ಲ ಹೊತ್ತ ಪ್ರಾಣಿ ವಾಪಸ್ ತನ್ನ ಊರಿನ ದಾರಿ ಹಿಡಿಯುತ್ತದೆ, ದಾರಿಯಲ್ಲಿ ಸಿಗುವುದೆಲ್ಲ ಹಳ್ಳಿಗಳೇ.

ದೂರ ಅನ್ನುವುದು ಚಿರತೆಗೆ ದೊಡ್ಡದಲ್ಲ. 2009ರಲ್ಲಿ ಅಹಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದು ಸಿಕ್ಕ ಗಂಡು ಚಿರತೆಗೆ ರೇಡಿಯೋ ಕಾಲರ್ ಹಾಕಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಅಜೋಬಾ ಅಂತ ಅದಕ್ಕೆ ಹೆಸರಿಟ್ಟಿದ್ದರು. ಅದು ಸುಮಾರು 120 ಕಿ.ಮೀ. ನಡೆದು ಮುಂಬೈಯ ಈ ಪಾರ್ಕಿಗೇ ಬಂದು ನೆಲೆಸಿತು. 2011ರಲ್ಲಿ ಅಹಮದಾಬಾದ್ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು.

ಕಾಯ್ದೆ ಪುಟ

ಕಾನೂನಿನ ಮಾತು ಸೇರಿಸುತ್ತೇನೆ. ಚಿರತೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿಯಲ್ಲಿದೆ. ಕಲಂ 11ರ ಪ್ರಕಾರ ಹಿಡಿಯಲು ಲಿಖಿತ ಅನುಮತಿ ಕೊಡಬೇಕಾದವರು ಮುಖ್ಯ ವನ್ಯಜೀವಿ ಪರಿಪಾಲಕರು. ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ, ಅಥವಾ ವಾಸಿಯಾಗದಷ್ಟು ಗಾಯ ಇಲ್ಲವೇ ರೋಗದಿಂದ ಬಳಲುತ್ತಿದೆ ಎಂದು ಮನದಟ್ಟಾಗಬೇಕು, ಕಾರಣ ಬರೆದಿಡಬೇಕು. ಕಣ್ಣಿಗೆ ಬಿತ್ತು ಅನ್ನುವುದು ಕಾರಣ ಆಗುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯ 2011ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾನವ–ಚಿರತೆ ಸಂಘರ್ಷದ ಮಾರ್ಗಸೂಚಿ ಸಹ ಹಿಡಿದು ಬೇರೆಡೆ ಬಿಡುವುದನ್ನು ಒಪ್ಪುವುದಿಲ್ಲ. ಸೊಸೈಟಿಯವರೇ ಖಾಸಗಿಯಾಗಿ ಬೋನು ತರಿಸಿದರೆ ಅದು ಬೇಟೆಯ ಅಪರಾಧ. 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಜೈಲು.

ನಿರ್ಣಯ ಬರೆಯುವುದಾದರೆ "ಬೋನು ಇಡಿ" ಅಂತ ಬರೆಯಬೇಡಿ. "ರಾತ್ರಿ ಗಸ್ತು, ಜಾಗೃತಿ ಸಭೆ, ಕ್ಯಾಮೆರಾ ಟ್ರ್ಯಾಪ್ ಬೇಕು" ಅಂತ ಬರೆಯಿರಿ. ಇದು ಇಲಾಖೆ ಮಾಡಿಕೊಡಬಲ್ಲ ಕೆಲಸ.

ಕೊಟ್ಟಿಗೆ ಡಾಕ್ಟರ್, ನಾರಾಯಣಗಾಂವ್

ಚಿರತೆ ನಿಮ್ಮ ಗೋಡೆಗೆ ಬಂದದ್ದು ನಾಯಿಗಾಗಿ. ನಾಯಿ ಬಂದದ್ದು ಕಸಕ್ಕಾಗಿ. ಹಾಗಾಗಿ ಕಸದ ತುದಿಯಿಂದ ಹಿಡಿಯಿರಿ.

ಮಹಾರಾಷ್ಟ್ರದ ಅಕೋಲೆಯಲ್ಲಿ, ಸುತ್ತ ಕಾಡೇ ಇಲ್ಲದ ಹೊಲಗದ್ದೆಗಳ ನಡುವೆ, ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ತೂಕದ ಲೆಕ್ಕದಲ್ಲಿ ಆಹಾರದ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದ್ದು, ಅದರಲ್ಲಿ ನಾಯಿ ಒಂದರದ್ದೇ 39. ಮುಂಬೈ ಪಾರ್ಕಿನ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿ ತಿನ್ನುತ್ತವೆ, ಅದರಿಂದ ಸುಮಾರು 1,000 ನಾಯಿಕಡಿತ ತಪ್ಪುತ್ತದೆ ಅಂತ 2018ರ ಒಂದು ಅಧ್ಯಯನ ಅಂದಾಜು ಮಾಡಿದೆ.

ಈ ವಾರ ಮಾಡುವ ಕೆಲಸ ಇಷ್ಟು. ಕಸದ ಕೋಣೆಗೆ ನೆಲದಿಂದ ಒಂದು ಇಂಚಿಗಿಂತ ಹೆಚ್ಚು ಸಂದಿ ಬಿಡದ ತಗಡಿನ ಬಾಗಿಲು. ಹಸಿ ಕಸ ಸಂಜೆ ಹೊರಗಿಡುವ ರೂಢಿ ನಿಲ್ಲಿಸಿ, ಬೆಳಿಗ್ಗೆ ಗಾಡಿ ಬರುವ ಅರ್ಧ ಗಂಟೆ ಮುಂಚೆ ಇಡಿ. ಮೀನು, ಕೋಳಿ ತ್ಯಾಜ್ಯ ಹಿಂಬದಿ ಗೋಡೆಯಾಚೆ ಎಸೆಯುವುದು ಒಂದು ದಿನವೂ ಆಗಬಾರದು. ನಾಯಿಗೆ ಅನ್ನ ಹಾಕುವವರೊಂದಿಗೆ ಜಗಳ ಬೇಡ. ಹಿಂಬದಿ ಗೋಡೆಯಿಂದ ದೂರ, ಗೇಟು, ಮೆಟ್ಟಿಲು, ಮಕ್ಕಳ ಆಟದ ಜಾಗ ಬಿಟ್ಟು ಒಂದು ಕಡೆ ಗುರುತಿಸಿಕೊಡಿ, ಸೂರ್ಯ ಮುಳುಗುವ ಮುಂಚೆ ಹಾಕಲಿ, ಉಳಿದದ್ದನ್ನು 20 ನಿಮಿಷದಲ್ಲಿ ಎತ್ತಲಿ. ನಾಯಿಗಳಿಗೆ ಸಂತಾನಹರಣ ಮತ್ತು ರೇಬಿಸ್ ಲಸಿಕೆ ಪಾಲಿಕೆಯ ಮೂಲಕ ಆಗಬೇಕು. ಪ್ರಾಣಿ ಸಂತಾನ ನಿಯಂತ್ರಣ ನಿಯಮ 2023ರ ಪ್ರಕಾರ ಆ ನಾಯಿಗಳನ್ನು ಅದೇ ಜಾಗಕ್ಕೆ ವಾಪಸ್ ಬಿಡುತ್ತಾರೆ. "ನಾಯಿಗಳನ್ನೇ ಸಾಗಿಸಿ" ಅನ್ನುವ ಬೇಡಿಕೆಗೂ ಚಿರತೆ ಸಾಗಿಸುವ ಬೇಡಿಕೆಗೂ ಆಗುವ ಗತಿ ಒಂದೇ: ತೆರವಾದ ಜಾಗಕ್ಕೆ ಹೊಸವು ಬರುತ್ತವೆ.

ಮುಲುಂಡ್ ಕಾಲೊನಿ

ನಮ್ಮ ಕಡೆಯೂ ಇದೇ ಚರ್ಚೆ. ಪಟಾಕಿ ಹೊಡೆದು ಓಡಿಸಬಹುದೇ? ಗೋಡೆ ಎತ್ತರಿಸಿದರೆ?

ತುಳಸಿ ಕೆರೆ ದಂಡೆ

ಪಟಾಕಿ ಬೇಡ. ಗಾಬರಿಯಾದ ಚಿರತೆ ಕಾಡಿನ ಕಡೆಗೇ ಓಡುತ್ತದೆ ಅಂತ ನಂಬಿಕೆಯಿಲ್ಲ. ಪಾರ್ಕಿಂಗ್, ಮೆಟ್ಟಿಲ ಸಂದು, ಎಲ್ಲಿ ಕತ್ತಲಿದೆಯೋ ಅಲ್ಲಿಗೆ ನುಗ್ಗುತ್ತದೆ. ಆಮೇಲೆ ಅದು ರಕ್ಷಣಾ ಕಾರ್ಯಾಚರಣೆಯೇ ಆಗಿಬಿಡುತ್ತದೆ.

ಚಿರತೆ ನಿಂತಲ್ಲಿಂದಲೇ 3 ಮೀಟರ್ ಎತ್ತರ ಜಿಗಿಯುತ್ತದೆ. 7 ಅಡಿ ಗೋಡೆಯನ್ನು 9 ಮಾಡಿದರೆ ದುಡ್ಡು ದಂಡ. ಅದೇ ಖರ್ಚಿನಲ್ಲಿ ಗೋಡೆಯ ಒಳಬದಿ 10 ಅಡಿ ಅಗಲಕ್ಕೆ ಪೊದೆ, ಹುಲ್ಲು, ಹಳೆ ಫರ್ನಿಚರ್ ತೆಗೆದು ನೆಲ ಬೋಳಾಗಿಡಿ. ಗೋಡೆಗೆ ಒರಗಿದ ಕೊಂಬೆ ಕಡಿಯಿರಿ. ದೀಪ ಹೊರಗೆ ಪಾರ್ಕಿನ ಕಡೆ ಮುಖ ಮಾಡಿ ಹಾಕುತ್ತಾರೆ, ಅದು ತಪ್ಪು: ಕಾಡಿಗೆಲ್ಲ ಬೆಳಕು ಚೆಲ್ಲುತ್ತದೆ, ಜನ ನಡೆಯುವ ದಾರಿ ಕತ್ತಲಾಗಿಯೇ ಇರುತ್ತದೆ. ಬೆಳಕು ಕೆಳಮುಖವಾಗಿರಬೇಕು, ನಡೆಯುವ ದಾರಿ ಮೇಲೆ ಬೀಳಬೇಕು. ಮಕ್ಕಳ ಆಟದ ಜಾಗ ಹಿಂಬದಿಯಲ್ಲಿದ್ದರೆ ಸಂಜೆ 6.30ಕ್ಕೆ ಬೀಗ.

ಇನ್ನೊಂದು ವಿಷಯ, ಸಿಸಿಟಿವಿ ತುಣುಕನ್ನು ವಾಟ್ಸ್ಆಪ್‌ಗೆ ಬಿಡುವ ಮುನ್ನ ದಿನಾಂಕ, ಜಾಗ ನೋಡಿ. ಯಾವುದೋ ಊರಿನ ಹಳೆ ವಿಡಿಯೋ ನಿಮ್ಮ ಗೇಟಿನ ಹೆಸರಿನಲ್ಲಿ ತಿರುಗಲು ಒಂದು ಗಂಟೆ ಸಾಕು. ನೆಲದ ಮೇಲೆ ಹೆಜ್ಜೆ ಸಿಕ್ಕರೆ ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು ಮೇಲಿಂದ ನೇರ ಫೋಟೋ ತೆಗೆಯಿರಿ, ನಾಣ್ಯದ ಅಡ್ಡಳತೆ 27 ಮಿ.ಮೀ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಚುಚ್ಚಿಕೊಂಡಿರುತ್ತದೆ. ಚಿರತೆ ಉಗುರು ಒಳಗೆಳೆದುಕೊಂಡು ನಡೆಯುತ್ತದೆ, ಗುರುತು ಬೀಳದು, ಅಂಗಾಲಿನ ದೊಡ್ಡ ದಿಂಡಿನ ಹಿಂಬದಿ ಮೂರು ಉಬ್ಬು ಕಾಣುತ್ತವೆ. ಅಗಲ ಎರಡೂವರೆಯಿಂದ ಮೂರು ನಾಣ್ಯದಷ್ಟಿದ್ದರೆ ಚಿರತೆ, ಒಂದೂವರೆ ನಾಣ್ಯದಷ್ಟಿದ್ದರೆ ಕಾಡುಬೆಕ್ಕು.

ಕಬ್ಬಿನಂಚು, ಶಿರೂರು

ಸೊಸೈಟಿ ಮಾತು ಸೊಸೈಟಿಗೆ ಸರಿ ಐತಿ. ಪುಣೆ ಜಿಲ್ಲಾದ ಶಿರೂರು, ಜುನ್ನರ್, ಆಂಬೇಗಾಂವ್, ಖೇಡ್ ತಾಲೂಕಿನಾಗ ಬೋನು ಬ್ಯಾಡ ಅಂತ ಹೇಳಾಕ ಆಗೂದಿಲ್ರಿ. 2025ರ ಕೊನಿಗೆ ಶಿರೂರಿನ ಪಿಂಪರಖೇಡದಾಗ ಮಕ್ಕಳು, ವಯಸ್ಸಾದವ್ರು ಸತ್ತ ಮ್ಯಾಲೆ ಹೆಣ್ಮಕ್ಳು ಕುತ್ತಿಗಿಗೆ ಮೊಳೆ ಪಟ್ಟಿ ಕಟ್ಕೊಂಡು ಹೊಲಕ್ಕ ಹೋಗೂದು ಇಡೀ ದೇಶ ನೋಡೇತಿ. ಅವರಿಗೆ "ಸಹಬಾಳ್ವೆ ಮಾಡ್ರಿ" ಅನ್ನೂದು ಅನ್ಯಾಯ.

ಮೂಲ ಕಬ್ಬಿನಾಗ ಐತಿ. ಕುಕಡಿ ಯೋಜನೆ ನೀರು, ಮಾಣಿಕಡೋಹ, ಯೇಡಗಾಂವ್, ಡಿಂಭೆ ಆಣೆಕಟ್ಟಿಂದ ಬಂದ ಮ್ಯಾಲೆ ಬರಡು ನೆಲದಾಗ ಕಬ್ಬು ಎದ್ದು ನಿಂತಿತು. 12ರಿಂದ 18 ತಿಂಗಳು ಯಾರೂ ಒಳಗ ಹೊಗದ ಬೆಳೆ. ನೆರಳು, ನೀರು, ಹಂದಿ, ಬದುವಿನಾಚೆ ನಾಯಿ, ಆಡು. ಅಲ್ಲೇ ಹುಟ್ಟಿದ ಮರಿಗೆ ಕಾಡಂದ್ರ ಏನಂತ ಗೊತ್ತಿಲ್ಲ. ಅದರ ಮನಿ ಕಬ್ಬೇ. ಇಂಥಾದ್ದನ್ನ ಕಾಡಿಗೆ ಬಿಡ್ರಿ ಅಂದ್ರ ಯಾವ ಕಾಡಿಗೆ?

ಹಂಗಂತ ಸುಮ್ನ ಕೂಡಾಕ ಆಗತೈತೇನು?

ತುಳಸಿ ಕೆರೆ ದಂಡೆ

ನೀವು ಹೇಳುವುದು ನಿಜ. ಮನುಷ್ಯರನ್ನು ಕೊಂದ ಪ್ರಾಣಿಯನ್ನು ಹಿಡಿಯಲೇಬೇಕು, ಅದೂ ಬೇಗ. ನನ್ನ ತಕರಾರು ಯಾವುದು ಸಿಕ್ಕಿತೋ ಅದನ್ನು ಹಿಡಿಯುವುದರ ಮೇಲೆ. ಬೋನಿಗೆ ಮೊದಲು ಬೀಳುವುದು ಹೆಚ್ಚಾಗಿ ಮರಿ, ಹಸಿದ ಎಳೆಯದು, ಅನುಭವವಿಲ್ಲದ್ದು. ಜನ ಸಮಾಧಾನ ಆಗುತ್ತಾರೆ, ಎಚ್ಚರ ಬಿಡುತ್ತಾರೆ, ಕೊಂದದ್ದು ಇನ್ನೂ ಹೊರಗೇ ಇರುತ್ತದೆ.

ಗುರುತಿಸುವ ದಾರಿ ಇದೆ. ದಾಳಿಯಾದ ಜಾಗದ ಸುತ್ತ ದಾರಿ, ಬದು, ಕಾಲುವೆ ದಂಡೆಯಲ್ಲಿ ಎದುರುಬದುರು ಜೋಡಿ ಕ್ಯಾಮೆರಾ ಟ್ರ್ಯಾಪ್ ಇಡಬೇಕು, ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ. ಜೋಡಿ ಏಕೆಂದರೆ ಚಿರತೆಯ ಎಡಪಕ್ಕೆಯ ಚುಕ್ಕೆಯ ವಿನ್ಯಾಸವೇ ಬೇರೆ, ಬಲಪಕ್ಕೆಯದೇ ಬೇರೆ. ಒಂದೇ ಕ್ಯಾಮೆರಾ ಇಟ್ಟರೆ ಒಂದು ಪ್ರಾಣಿಯನ್ನು ಎರಡೆಂದು ಎಣಿಸುತ್ತೀರಿ. ಗಾಯದಿಂದ, ಬಟ್ಟೆಯಿಂದ ಹತ್ತಿಯಲ್ಲಿ ಜೊಲ್ಲು ಒರೆಸಿ ಡಿಎನ್‌ಎಗೆ ಕಳಿಸಬೇಕು. ಗಾಯ ತೊಳೆಯುವ ಮುಂಚೆಯೇ ಮಾದರಿ ತೆಗೆಯಬೇಕು, ಆದರೆ ಬದುಕಿರುವ ಗಾಯಾಳು ಇದ್ದರೆ ತೊಳೆಯುವುದೇ ಮೊದಲು. ಅದರಲ್ಲಿ ರಾಜಿ ಇಲ್ಲ.

ಕೊಟ್ಟಿಗೆ ಡಾಕ್ಟರ್, ನಾರಾಯಣಗಾಂವ್

ಗಾಯದ ವಿಷಯ ಬಂತು, ಇಲ್ಲೇ ಹೇಳುತ್ತೇನೆ. ಚಿರತೆ ಕಚ್ಚಿದರೂ ಪರಚಿದರೂ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿ. ಅರಿಸಿನ, ಸುಣ್ಣ, ಕಾಫಿಪುಡಿ ಏನೂ ಹಾಕಬೇಡಿ. ರಕ್ತ ಚಿಮ್ಮುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ. ರೇಬಿಸ್ ಲೆಕ್ಕದಲ್ಲಿ ಇದು ಮೂರನೇ ದರ್ಜೆಯ, ಅಂದರೆ ಅತಿ ಅಪಾಯದ ಗಾಯ: ಲಸಿಕೆಯ ಜೊತೆ ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚಬೇಕು. ಸ್ನಾಯುವಿಗೆ ಕೊಡುವ ಲಸಿಕೆ 0, 3, 7, 14, 28ನೇ ದಿನ. ಮೂರು ಚುಚ್ಚಿಸಿಕೊಂಡು ನೋವು ಹೋಯಿತೆಂದು ಬಿಡುವವರಿದ್ದಾರೆ, ಬಿಡಬೇಡಿ. ಕೋರೆಹಲ್ಲಿನ ತೂತು ಹೊರಗೆ ಸಣ್ಣದು, ಒಳಗೆ ಆಳ. ಮೇಲೆ ಬಿಗಿಯಾಗಿ ಹೊಲಿದರೆ ಒಳಗೆ ಕೀವು ಕಟ್ಟುತ್ತದೆ.

ಇನ್ನು ಕೊಟ್ಟಿಗೆ. ಶಿರೂರಿನಲ್ಲಿ ಬೋನಿಗಿಂತ ಹೆಚ್ಚು ಬೇಕಾದದ್ದು ಇದು. 10 ಆಡಿಗೆ ಒಂದು ಅಳತೆ ಕೊಡುತ್ತೇನೆ.

ನೆಲ 10×12 ಅಡಿ. ಸುತ್ತ 2 ಅಡಿ ಎತ್ತರದ ಕಲ್ಲು ಅಥವಾ ಇಟ್ಟಿಗೆ ಗೋಡೆ, ಅದರ ಮೇಲೆ 5 ಅಡಿ ಜಾಲರಿ. ಸುತ್ತಳತೆ 44 ಅಡಿ, ಹಾಗಾಗಿ ಜಾಲರಿ ಹತ್ತಿರತ್ತಿರ 220 ಚದರ ಅಡಿ ಬೇಕು. ವೆಲ್ಡ್ ಮೆಶ್, 10 ಗೇಜ್, 2 ಇಂಚಿನ ಚೌಕ. ಕೋಳಿ ಗೂಡಿನ ಷಟ್ಕೋನದ ತಂತಿ ಬೇಡ, ಒಂದೇ ಏಟಿಗೆ ಹರಿಯುತ್ತದೆ. ಚೈನ್‌ಲಿಂಕನ್ನು ಬೈಂಡಿಂಗ್ ವೈರಿನಿಂದ ಕಂಬಕ್ಕೆ ಮಾತ್ರ ಕಟ್ಟಿರುತ್ತಾರೆ, ಕೆಳಗಿನ ಅಂಚನ್ನು ಪಂಜದಿಂದ ಎತ್ತಿ ತೂರುತ್ತದೆ. ಕಂಬ ಒಂದೂವರೆ ಇಂಚಿನ ಆಂಗಲ್, 5 ಅಡಿಗೊಂದು. ಜಾಲರಿ ಕಂಬದ ಹೊರಬದಿಗೆ ಬರಬೇಕು. ಚಿರತೆ ಹೊರಗಿಂದ ತಳ್ಳುವುದರಿಂದ ಜಾಲರಿ ಕಂಬಕ್ಕೇ ಒತ್ತಿಕೊಳ್ಳುತ್ತದೆ. ಒಳಬದಿಗೆ ಹೊಡೆದಿದ್ದರೆ ವೆಲ್ಡು ಬಿಟ್ಟು ಒಳಗೆ ಬೀಳುತ್ತದೆ.

ಚಾವಣಿ ತಗಡಿನ ಮೇಲೆ ಕಲ್ಲು ಹೇರಿ ಮಲಗುವವರು ಬಹಳ. ಚಿರತೆ ಮೊದಲು ನೋಡುವುದೇ ಚಾವಣಿ. ತಗಡಿಗೆ ಕೊಕ್ಕೆಯಾಕಾರದ ಜೆ-ಬೋಲ್ಟ್ ಹಾಕಿ, ಗೋಡೆಗೂ ತಗಡಿಗೂ ನಡುವಿನ ಸಂದನ್ನು ಅದೇ ಜಾಲರಿಯಿಂದ ಮುಚ್ಚಿ. ಗಾಳಿಯಾಡಲು ಜಾಲರಿ ಬಿಟ್ಟಲ್ಲಿ ತಗಡು, ಗೋಣಿಚೀಲ ಹೊಡೆಯಬೇಡಿ. ಗಂಜಲದ ಘಾಟಿಗೆ ಆಡುಗಳಿಗೆ ಕೆಮ್ಮು ಹಿಡಿಯುತ್ತದೆ, ಮಾಲೀಕ ಬಾಗಿಲು ತೆರೆದಿಡಲು ಶುರುಮಾಡುತ್ತಾನೆ, ಅಲ್ಲಿಗೆ ಎಲ್ಲ ಮುಗಿಯಿತು.

ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಮೇಲೊಂದು ಕೆಳಗೊಂದು ಚಿಲಕ, ಕೆಳಗೆ 2 ಇಂಚಿಗಿಂತ ಹೆಚ್ಚು ಸಂದಿ ಬೇಡ. ಆಡುಗಳನ್ನು ಜಾಲರಿಗೆ ತಾಗದಂತೆ ಒಳಗೆ ಕಟ್ಟಿ, ಇಲ್ಲದಿದ್ದರೆ ಪಂಜ ತೂರಿಸಿ ಕಿವಿ, ಕಾಲು ಎಳೆಯುತ್ತದೆ. ಒಮ್ಮೆ ಒಳಗೆ ಹೊಕ್ಕಿತೆಂದರೆ ಒಂದಕ್ಕೆ ನಿಲ್ಲುವುದಿಲ್ಲ. ಓಡಲು ದಾರಿಯಿಲ್ಲದ ಆಡುಗಳು ಚೀರುತ್ತಾ ಸುತ್ತುತ್ತಿದ್ದರೆ ಅದು ಕೊಲ್ಲುತ್ತಲೇ ಹೋಗುತ್ತದೆ. 10ಕ್ಕೆ 10 ಹೋದ ಕೊಟ್ಟಿಗೆಗಳೆಲ್ಲ ಅರ್ಧ ಭದ್ರ ಮಾಡಿದ ಕೊಟ್ಟಿಗೆಗಳು.

ಮಿನುಗುವ ಸೋಲಾರ್ ದೀಪ ಒಳ್ಳೆಯದೇ, ಆದರೆ ಒಂದೇ ಕಡೆ ಇಟ್ಟರೆ ಕೆಲವೇ ವಾರಕ್ಕೆ ಚಿರತೆಗೆ ರೂಢಿಯಾಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಜಾಗ, ಎತ್ತರ ಬದಲಿಸಿ. ನಾಯಿಯನ್ನು ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ಅದು ಕಾವಲಲ್ಲ, ತಟ್ಟೆಗೆ ಬಡಿಸಿಟ್ಟ ಹಾಗೆ. ರಾತ್ರಿ ಅದೂ ಒಳಗಿರಲಿ. ಬಯಲಿನಲ್ಲಿ ಕುರಿ ತರುಬುವ ಕುರುಬರು, ಧನಗರರು ನಾಯಿ ಕೊರಳಿಗೆ ಹಾಕುವ ಮುಳ್ಳಿನ ಕಬ್ಬಿಣದ ಪಟ್ಟಿ ಇಂದಿಗೂ ಒಳ್ಳೆ ಉಪಾಯ, ಚಿರತೆ ಹಿಡಿಯುವುದೇ ಗಂಟಲನ್ನು.

ಕಬ್ಬಿನಂಚು, ಶಿರೂರು

ಇದು ಉಪಯೋಗದ ಮಾತು. ಕಬ್ಬು ಕಡಿಯೂ ಹೊತ್ತಿನ ವಿಷಯ ನಾ ಬರೀತೀನಿ.

ಗದ್ದಿನ ನಾಕೂ ಕಡಿಂದ ಸುತ್ತುವರದು ಕಡೀಬ್ಯಾಡ್ರಿ. ಕಡೀಗೆ ನಡುವ ಉಳಿದ ತುಂಡಿನಾಗ ತಾಯಿ ಸಿಕ್ಕೊಂಡು ಮೈಮ್ಯಾಲೆ ಬರ್ತೈತಿ. ಒಂದು ಬದಿಂದ ಶುರು ಮಾಡ್ರಿ, ಬಾಜೂಕ ನಿಂತ ಕಬ್ಬು ಇರೋ ಬದಿ ಕಡೀಗೆ ಬರಬೇಕು, ಅದು ಅತ್ತಾಗ ಸರಕೊಂಡು ಹೋಗ್ತೈತಿ. ಮುಂಜಾನೆ ಕಡ್ಯಾಕ ಹೊಗೂ ಮುಂಚೆ ಟ್ರ್ಯಾಕ್ಟರ್ ಒಂದು ಸುತ್ತು ಹೊಡೀರಿ, ಹಾಡು ಹಚ್ರಿ. ಹಸುಗೂಸನ್ನ ಬದುವಿನ ಮ್ಯಾಲೆ ಜೋಳಿಗಿ ಕಟ್ಟಿ ಮಲಗಸೂದು ಬ್ಯಾಡ. ಬಂಡಿ ಹತ್ರ ಒಬ್ಬ ದೊಡ್ಡವರು ಮಕ್ಕಳ ಕೂಡ ಇರಬೇಕು, ಅವರ ಕೂಲಿ ಗ್ಯಾಂಗಿನ ಲೆಕ್ಕಕ್ಕ ಹಾಕ್ರಿ.

ಮರಿ ಸಿಕ್ರ ಎತ್ತಿ ಫೋಟೋ ಹೊಡಕೋಬ್ಯಾಡ್ರಿ. ಕೆಲಸ ನಿಲ್ಲಿಸಿ ಎಲ್ಲಾರೂ ಹಿಂದ ಸರೀರಿ, 1926ಕ್ಕ ಫೋನ್ ಹಚ್ರಿ. ಅದು ಮಹಾರಾಷ್ಟ್ರ ಅರಣ್ಯ ಇಲಾಖೆ ಸಹಾಯವಾಣಿ.

ಕೊಟ್ಟಿಗೆ ಡಾಕ್ಟರ್, ನಾರಾಯಣಗಾಂವ್

ಮರಿಯನ್ನು ತಾಯಿಗೆ ಸೇರಿಸುವ ಕ್ರಮವನ್ನೂ ರೈತರು ತಿಳಿದಿರಬೇಕು, ಆಗ ಇಲಾಖೆಯವರಿಗೆ ಗದ್ದೆ ಬಿಟ್ಟುಕೊಡುತ್ತಾರೆ. ಜುನ್ನರಿನ ಮಾಣಿಕಡೋಹ ಚಿರತೆ ಕೇಂದ್ರದ ವೈದ್ಯರು ಮರಿಯ ಮೈ ನೋಡಿ, ಗಂಡೋ ಹೆಣ್ಣೋ ಗುರುತು ಮಾಡಿ, ಬಾಲದ ಬುಡದ ಹತ್ತಿರ ಮೈಕ್ರೊಚಿಪ್ ಹಾಕುತ್ತಾರೆ. ಸಂಜೆ ಬೆಳಕಿರುವಾಗಲೇ ಮರಿ ಸಿಕ್ಕ ಜಾಗದಲ್ಲೇ, ಹತ್ತು ಹೆಜ್ಜೆ ಆಚೀಚೆಯೂ ಬೇಡ, ಟೊಮೇಟೊ ಕ್ರೇಟಿನಂಥ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮರಿ ಹೊರಬರಬಾರದು, ತಾಯಿ ಮೂತಿಯಿಂದ ತಳ್ಳಿದರೆ ಮುಚ್ಚಳ ಬೀಳಬೇಕು, ಅಷ್ಟು ಹಗುರ. ಎದುರಿಗೆ ಕ್ಯಾಮೆರಾ. ಸುತ್ತ ಜನ, ಜೀಪು, ಟಾರ್ಚು ಯಾವುದೂ ಇರಬಾರದು. ಹೆಚ್ಚಾಗಿ ಅದೇ ರಾತ್ರಿ ತಾಯಿ ಬಂದು ಒಂದೊಂದನ್ನೇ ಕುತ್ತಿಗೆ ಹಿಡಿದು ಒಯ್ಯುತ್ತದೆ. ಬರದಿದ್ದರೆ ಮರುದಿನ ಮತ್ತೆ ಇಡುತ್ತಾರೆ. ಇದು ಕೆಡುವುದು ಒಂದೇ ಕಾರಣಕ್ಕೆ: ನೋಡಲು ಬಂದ ಗುಂಪು. ಮರಿ ಕಳಕೊಂಡ ತಾಯಿ ಆ ಓಣಿಯಲ್ಲೇ ಕೂಗುತ್ತಾ ಸುತ್ತುತ್ತದೆ, ಆ ದಿನಗಳೇ ಅಪಾಯದವು.

ಬಾವಿಗೆ ಬಿದ್ದರೆ ಮೊದಲು ಹಗ್ಗ ಕಟ್ಟಿದ ಮಂಚ ಅಥವಾ ಟೈರ್ ಇಳಿಸಿ. ಈಜಿ ದಣಿದ ಪ್ರಾಣಿ ಅದರ ಮೇಲೆ ಕೂರುತ್ತದೆ. ನೀರಿನಲ್ಲಿರುವಾಗ ಅರಿವಳಿಕೆ ಕೊಡುವ ಹಾಗಿಲ್ಲ, ಮುಳುಗಿ ಸಾಯುತ್ತದೆ. ಆಮೇಲೆ ಬೋನು ಇಳಿಸುವುದು, ಇಲ್ಲವೇ ಓರೆಯಾಗಿ ಏಣಿ ಬಿಟ್ಟು ರಾತ್ರಿ ಜನರನ್ನು ಚದುರಿಸುವುದು. ಕಟ್ಟೆಯಿಲ್ಲದ ಬಾವಿಗೆ 4 ಅಡಿ ಕಟ್ಟೆ ಕಟ್ಟಿಸಿದರೆ ಚಿರತೆ ಅಷ್ಟೇ ಅಲ್ಲ, ದನ ಮಕ್ಕಳೂ ಉಳಿಯುತ್ತಾರೆ.

ಮುಲುಂಡ್ ಕಾಲೊನಿ

ಅರಿವಳಿಕೆ ಬಂದೂಕಿದ್ದರೆ ಐದು ನಿಮಿಷದ ಕೆಲಸ ಅಲ್ಲವೇ? ಜನ ಅದನ್ನೇ ಕೇಳುತ್ತಾರೆ.

ಕೊಟ್ಟಿಗೆ ಡಾಕ್ಟರ್, ನಾರಾಯಣಗಾಂವ್

ಅಲ್ಲ. ಸೂಜಿ ತಗುಲಿದ ಮೇಲೆ ಪ್ರಾಣಿ ಮಲಗಲು 10ರಿಂದ 15 ನಿಮಿಷ ಬೇಕು, ಅದೂ ಶಾಂತವಾಗಿದ್ದರೆ. ಕೆಟಮಿನ್, ಕ್ಸೈಲಜಿನ್ ಬೆರೆಸಿ ತೂಕದ ಅಂದಾಜಿನಲ್ಲಿ ಕೊಡುತ್ತಾರೆ, 40 ಕಿಲೋದ ಹೆಣ್ಣೋ 70 ಕಿಲೋದ ಗಂಡೋ ದೂರದಿಂದ ಅಳೆಯುವುದು ಸುಲಭವಲ್ಲ. ಸುತ್ತ ಕೂಗಾಟವಿದ್ದರೆ ಮೈಯಲ್ಲಿ ಅಡ್ರಿನಲಿನ್ ಏರಿ ಔಷಧಿ ಹಿಡಿಯುವುದೇ ಇಲ್ಲ, ಎರಡನೇ ಸೂಜಿ ಬೇಕಾಗುತ್ತದೆ. ಆ ಕಾಲು ಗಂಟೆ ಸೂಜಿ ಚುಚ್ಚಿಸಿಕೊಂಡ, ಸಿಟ್ಟಾದ ಚಿರತೆ ಜನರ ನಡುವೆ ಇರುತ್ತದೆ. 2019ರ ಫೆಬ್ರುವರಿಯಲ್ಲಿ ಠಾಣೆಯ ಕೋರಮ್ ಮಾಲ್‌ಗೆ ಚಿರತೆ ಹೊಕ್ಕಾಗ ಅದನ್ನು ಹಿಡಿಯಲು ಗಂಟೆಗಟ್ಟಲೆ ಬೇಕಾಯಿತು.

ಕಟ್ಟಡದೊಳಗೆ ಬಂದರೆ ನೀವು ಮಾಡಬೇಕಾದ್ದು ಮೂರೇ: ಅದಿರುವ ಕೋಣೆಯ ಬಾಗಿಲು ಹೊರಗಿಂದ ಹಾಕಿ, ಉಳಿದವರು ಮನೆಯೊಳಗೆ, 1926 ಮತ್ತು 112ಕ್ಕೆ ಕರೆ. ಗುಂಪು ಸೇರುವುದನ್ನು ತಡೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163ರ ಅಡಿ ಅಧಿಕಾರಿಗಳು ಆದೇಶ ಹೊರಡಿಸಬಹುದು. ಹಿಂದಿನ 144 ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಸತ್ತರಿಯಿಂದ, ಗೋವಾ

ಗೋವಾದ ಮಾತನ್ನೂ ಕೇಳಿ, ಇಲ್ಲಿ ಹುಲಿ. ಮಹದಾಯಿ ಅಭಯಾರಣ್ಯ 208 ಚದರ ಕಿ.ಮೀ., ಅದರ ಬೆನ್ನಿಗೇ ನಮ್ಮ ಭೀಮಗಡ, ಕೆಳಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹುಲಿಗೆ ಇದು ಒಂದೇ ಕಾಡು, ರಾಜ್ಯದ ಗಡಿ ನಮಗೆ ಮಾತ್ರ. 2020ರ ಜನವರಿಯಲ್ಲಿ ಸತ್ತರಿ ತಾಲೂಕಿನ ಗೊಳಾವಲಿಯಲ್ಲಿ ಒಂದು ತಾಯಿ ಹುಲಿ, ಮೂರು ಮರಿ ವಿಷಕ್ಕೆ ಸತ್ತವು. ದನ ಹೋದ ಸಿಟ್ಟು ಅದಕ್ಕೆ ಮೂಲ. 2023ರ ಜುಲೈಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಮಹದಾಯಿಯನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡಿ ಎಂದು ಆದೇಶಿಸಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ವಿಷ ಹೇಗೆ ಕೆಲಸ ಮಾಡುತ್ತದೆ ನೋಡಿ. ಹುಲಿ ಒಂದೇ ಸಲಕ್ಕೆ ದನ ತಿಂದು ಮುಗಿಸುವುದಿಲ್ಲ, ಮರುರಾತ್ರಿ ವಾಪಸ್ ಬರುತ್ತದೆ. ಆ ನಡುವಿನ ಹಗಲಿನಲ್ಲಿ ಮಾಲೀಕನ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಹುಲಿಯ ಜೀವ ನಿಂತಿದೆ: ಪಂಚನಾಮೆಯ (ಸ್ಥಳ ಮಹಜರಿನ) ಕಾಗದವೋ, ಕೀಟನಾಶಕದ ಡಬ್ಬಿಯೋ. ಆ ಒಂದು ಹಗಲಿನಲ್ಲಿ ಅರಣ್ಯ ರಕ್ಷಕ ಬಂದು ನಿಂತರೆ, ಒಂದಿಷ್ಟು ಹಣ ಅಲ್ಲೇ ಕೈಗೆ ಕೊಟ್ಟರೆ, ಕಳೇಬರದ ಹತ್ತಿರ ಕ್ಯಾಮೆರಾ ಇಟ್ಟರೆ, ವಿಷ ಹಾಕುವ ಕೈ ಹಿಂದೆ ಸರಿಯುತ್ತದೆ. ಆರು ತಿಂಗಳಿಗೆ ಚೆಕ್ ಬಂದರೆ ಹುಲಿ ಉಳಿಯುವುದಿಲ್ಲ. ಕಾಡಿನಂಚಿನ ಗವಳಿ ಮನೆಗೆ ಒಂದು ಎಮ್ಮೆ ಅಂದರೆ ವರ್ಷದ ಸಂಸಾರ.

ಗೇರು ತೋಟಗಳ ಕೆಲಸಕ್ಕೆ ಬರುವ ಕನ್ನಡಿಗರಿಗೆ ಒಂದು ವಿನಂತಿ. ಹಂದಿಗೆಂದು ಬೇಲಿ ಕಂಡಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ಕಟ್ಟಿರುತ್ತಾರೆ, ಮೊಣಕಾಲೆತ್ತರಕ್ಕೆ, ತುದಿ ಗೂಟಕ್ಕೆ. ಚಿರತೆ ಸೊಂಟ ಸಿಕ್ಕಿಸಿಕೊಂಡರೆ ಎಳೆದಷ್ಟೂ ಒಳಗೆ ಕೊಯ್ಯುತ್ತದೆ. ಖಾಲಿ ಉರುಳು ಕಂಡರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಕೊಡಿ. ಪ್ರಾಣಿ ಸಿಕ್ಕಿದ್ದರೆ ಹತ್ತಿರ ಹೋಗಲೇಬೇಡಿ, ನಿಮ್ಮನ್ನು ಕಂಡು ಜಗ್ಗಿದರೆ ಗೂಟ ಕಿತ್ತು ಬರುತ್ತದೆ.

ಕಾಯ್ದೆ ಪುಟ

ಪರಿಹಾರದ ಕ್ರಮ ಮಹಾರಾಷ್ಟ್ರಕ್ಕೆ ಸಂಬಂಧಿಸಿ ಹೇಳುತ್ತೇನೆ. ಮನುಷ್ಯರ ಸಾವಿಗೆ 25 ಲಕ್ಷ ರೂ., ಅದರಲ್ಲಿ 10 ಲಕ್ಷ ಮೊದಲು, ಉಳಿದದ್ದು ಠೇವಣಿ ರೂಪದಲ್ಲಿ. ಜಾನುವಾರಿಗೆ ಮಾರುಕಟ್ಟೆ ಬೆಲೆಯ ನೂರಕ್ಕೆ 75 ಅಥವಾ ಸರ್ಕಾರದ ಮಿತಿ, ಯಾವುದು ಕಡಿಮೆಯೋ ಅದು. 48 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು. ಪಂಚನಾಮೆ ಆಗುವ ತನಕ ಕಳೇಬರ ಸರಿಸಬಾರದು, ಹೂಳಬಾರದು. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಇಲ್ಲೇ, ನಾತ ಬರುತ್ತದೆಂದು ಹೊಂಡಕ್ಕೆ ಎಸೆದಿರುತ್ತಾರೆ. ಕುತ್ತಿಗೆಯ ಹಲ್ಲಿನ ಗುರುತು, ಎಳೆದ ಗೆರೆ, ಹೆಜ್ಜೆ, ಕಿವಿಯ 12 ಅಂಕಿಯ ಟ್ಯಾಗ್, ನಾಲ್ಕನ್ನೂ ಫೋಟೋ ತೆಗೆದಿಡಿ. ಪಶುವೈದ್ಯರ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ.

ಕಬ್ಬಿನಂಚು, ಶಿರೂರು

ಒಂದು ಬಿಟ್ರಿ. ಪಂಪಿಗೆ ಕರೆಂಟ್ ರಾತ್ರಿ ಕೊಟ್ರ ರೈತ ರಾತ್ರೀನೇ ಬಗ್ಗಿ ನೀರು ತಿರವಬೇಕು. ಬಗ್ಗಿದ ಮನುಷ್ಯಾ ಕತ್ತಲಾಗ ಚಿರತಿ ಕಣ್ಣಿಗೆ ನಾಕು ಕಾಲಿನ ಪ್ರಾಣಿ. ಚಿರತಿ ಇರೋ ಹಳ್ಳಿಗೆ ಹಗಲು ಕರೆಂಟ್ ಕೊಡ್ರಿ ಅನ್ನೂದು ಎಲ್ಲಾ ಬೇಡಿಕಿಗಿಂತ ಮೊದಲ ಬರಬೇಕು.

ಘೋಡಬಂದರ್ ಕಾರ್ಯದರ್ಶಿ

ತುಂಬಾ ಉಪಕಾರವಾಯಿತು. ಬೋನಿನ ನಿರ್ಣಯ ಕೈಬಿಟ್ಟು ಕಸದ ಕೋಣೆ, ದೀಪ, ಪೊದೆ ಮೂರಕ್ಕೂ ಖರ್ಚಿನ ಪಟ್ಟಿ ಮಾಡುತ್ತಿದ್ದೇನೆ. ಉಳಿದದ್ದು ಪಕ್ಕದ ಶೆಡ್ಡುಗಳು. ಅಲ್ಲಿ ಶೌಚಾಲಯ ಎರಡೇ, ದೀಪವಿಲ್ಲ. ಮಕ್ಕಳು ಪಾರ್ಕಿನ ಗೋಡೆ ಪಕ್ಕವೇ ಕೂರುತ್ತಾರೆ.

ತುಳಸಿ ಕೆರೆ ದಂಡೆ

ನಿಮ್ಮ ಇಡೀ ಪಟ್ಟಿಯಲ್ಲಿ ಇದನ್ನೇ ಮೊದಲು ಮಾಡಿ. ಗೋಡೆ ಮೇಲೆ ನಡೆಯುವ ಚಿರತೆಯಿಂದ ಮೂರನೇ ಮಹಡಿಯವರಿಗೆ ಅಪಾಯವಿಲ್ಲ, ಕತ್ತಲಲ್ಲಿ ಒಂಟಿಯಾಗಿ ಕುಕ್ಕರಗಾಲಲ್ಲಿ ಕೂತ ಮಗುವಿಗಿದೆ. ನಿಂತ ಮನುಷ್ಯನ ಎತ್ತರಕ್ಕೆ ಚಿರತೆ ಹಿಂಜರಿಯುತ್ತದೆ, ಕೂತವರ ಎತ್ತರ ಅದಕ್ಕೆ ನಾಯಿಯ ಎತ್ತರ. ಬಿಲ್ಡರ್‌ಗೆ ಸೊಸೈಟಿ ಲೆಟರ್‌ಹೆಡ್‌ನಲ್ಲಿ ಬರೆಯಿರಿ: ಶೆಡ್ಡಿನ ಸಾಲಿಗೇ ಸೇರಿದ ಶೌಚಾಲಯ, ಬಾಗಿಲು, ದಾರಿಯುದ್ದಕ್ಕೂ ದೀಪ, ಪಾರ್ಕಿನ ಕಡೆ ತಗಡಿನ ಮರೆ. ಅದು ಆಗುವವರೆಗೆ ನಿಮ್ಮ ವಾಚ್‌ಮನ್ ಕೋಣೆಯ ಶೌಚಾಲಯವನ್ನು ಸಂಜೆ 6ರಿಂದ ಬೆಳಿಗ್ಗೆ 7ರವರೆಗೆ ಅವರಿಗೆ ತೆರೆದಿಡಿ.

ಪಾರ್ಕಿನ ಫಲಕಗಳು ಮರಾಠಿ, ಹಿಂದಿಯಲ್ಲಿರುತ್ತವೆ. ಶೆಡ್ಡಿನವರಿಗೆ ಕನ್ನಡದಲ್ಲಿ ಅಂಟಿಸಿ, ಓದು ಬಾರದವರಿಗೆ ಯಾರಾದರೂ ಸಂಜೆ ಓದಿ ಹೇಳಲಿ. ಕರಡು ಕೆಳಗಿದೆ, ಕಲಬುರಗಿ ಕಡೆಯ ಮಾತಿಗೆ ತಿದ್ದಿಕೊಳ್ಳಿ.

"ಸಂಜೆ ಆರರ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಶೌಚಕ್ಕೆ ಇಬ್ಬರು ಹೋಗಿ, ಒಬ್ಬರು ಬ್ಯಾಟರಿ ಹಿಡಿದು ನಿಂತಿರಿ. ನಡೆಯುವಾಗ ಮಾತಾಡುತ್ತಾ ನಡೆಯಿರಿ, ಫೋನಿನಲ್ಲಿ ಹಾಡು ಹಾಕಿ. ಅನ್ನ, ಕೋಳಿ ಎಲುಬು ಶೆಡ್ಡಿನ ಹಿಂದೆ ಚೆಲ್ಲಬೇಡಿ. ಕೋಳಿ, ಆಡು ಇದ್ದರೆ ರಾತ್ರಿ ಒಳಗೆ ಹಾಕಿ. ಚಿರತೆ ಕಂಡರೆ ಓಡಬೇಡಿ, ಬಗ್ಗಬೇಡಿ, ಬೆನ್ನು ತೋರಿಸಬೇಡಿ. ಮಗುವನ್ನು ಎತ್ತಿಕೊಳ್ಳಿ, ಕೈ ಮೇಲೆತ್ತಿ, ಅದರ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಸರಿಯಿರಿ. ಕಲ್ಲು ಹೊಡೆಯಬೇಡಿ, ಹೋಗಲು ಅದಕ್ಕೆ ದಾರಿ ಬಿಡಿ. ಆಮೇಲೆ 1926ಕ್ಕೆ ಫೋನ್ ಮಾಡಿ, ವಾಚ್‌ಮನ್‌ಗೆ ತಿಳಿಸಿ."

ಘೋಡಬಂದರ್ ಕಾರ್ಯದರ್ಶಿ

"ಬ್ಯಾಟರಿ ಹಿಡಿದು ನಿಂತಿರಿ" ಅಂದಿದ್ದೀರಿ, ಅಲ್ಲಿ ಎಲ್ಲರ ಮನೆಯಲ್ಲಿ ಟಾರ್ಚ್ ಇರುವುದಿಲ್ಲ. ಶೆಡ್ಡಿಗೊಂದರಂತೆ ಚಾರ್ಜ್ ಮಾಡುವ ಟಾರ್ಚ್ ಕೊಡಿಸುವುದನ್ನು ಪಟ್ಟಿಗೆ ಸೇರಿಸುತ್ತೇನೆ. ಚಾರ್ಜಿಗೆ ನಮ್ಮ ಗೇಟಿನ ಪಾಯಿಂಟ್ ಕೊಡಬಹುದು.